ಬಸುರಿಯ ಪ್ರವಾಸ, ಗಂಡನ ಬಯಕೆ

ಮೂರು ತಿಂಗಳು ತುಂಬುವವರೆಗೆ ಸುದ್ದಿ ಹೊಸಿಲು ದಾಟಬಾರದು ಎಂದು ಕಟ್ಟಪ್ಪಣೆ ಮಾಡಿದವರೂ ಸುಮಾಳ ಅತ್ತೆಯವರೇ, ಅದನ್ನು ವಿದ್ಯಾನಗರದ ಮೂರು ಅಡ್ಡರಸ್ತೆಗಳಿಗೆ ತಲುಪಿಸಿದವರೂ ಅವರೇ. ಹಾಗಾಗಿ ಯುಗಾದಿ ಕಳೆದ ಎರಡು ವಾರಕ್ಕೆ, ಅಂದರೆ 2026ರ ಏಪ್ರಿಲ್ ತಿಂಗಳ ಮೊದಲ ಭಾನುವಾರದ ಸಂಜೆ, ನಾವು ಕೆಲವರು ಅವರ ಮನೆಯ ತಾರಸಿಯ ಮೇಲೆ ಮಂಡಕ್ಕಿ, ಮೆಣಸಿನಕಾಯಿಗಳನ್ನು ಮುಂದಿಟ್ಟುಕೊಂಡು ಕುಳಿತಾಗ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡುವ ಅಗತ್ಯವಿರಲಿಲ್ಲ. ಸುಮಾಳಿಗೆ ಹತ್ತನೆಯ ವಾರ ನಡೆಯುತ್ತಿತ್ತು. ಒಗ್ಗರಣೆಯ ವಾಸನೆ ಬಂದರೆ ಮುಖ ತಿರುಗಿಸುತ್ತಿದ್ದ ಅವಳು, ಬರಿಯ ಮಂಡಕ್ಕಿಯನ್ನು ಒಂದೊಂದಾಗಿ ಎಣಿಸಿದಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಅವಳ ಗಂಡ ಪ್ರಕಾಶ ಎರಡು ವರ್ಷ ಕಟ್ಟಿದ ಚೀಟಿಯನ್ನು ಆಗಷ್ಟೇ ಎತ್ತಿದ್ದ. "ಮಗು ಹುಟ್ಟಿದ ಮೇಲೆ ಐದು ವರ್ಷ ನಮ್ಮ ಪ್ರವಾಸವೆಂದರೆ ಲಸಿಕೆ ಹಾಕಿಸಲು ಹೋಗಿ ಬರುವುದಷ್ಟೇ. ಆದ್ದರಿಂದ ಈ ಬೇಸಿಗೆಯಲ್ಲೇ ಯುರೋಪ್ ನೋಡಿಬಿಡಬೇಕು. ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ನೀವೆಲ್ಲ ಸೇರಿ ಹೇಳಿ" ಎಂದು ಅವನು ಘೋಷಿಸಿದ. ಯುರೋಪನ್ನು ಕಂಡಿರದ ನಾಲ್ಕು ಜನರ ಮುಂದೆ ಇಂಥ ಪ್ರಶ್ನೆಯನ್ನು ಇಟ್ಟರೆ ಉತ್ತರಕ್ಕೆ ಬರವಿರುವುದಿಲ್ಲ.

ನಿವೃತ್ತ ಭೂಗೋಳ ಶಿಕ್ಷಕರಾದ ನಮ್ಮ ಮೇಷ್ಟ್ರು ಬರುವಾಗಲೇ ತಮ್ಮ ಅಟ್ಲಾಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಅವರು ಕೆಲಸಕ್ಕೆ ಸೇರಿದ ವರ್ಷ ಕೊಂಡ ಅಟ್ಲಾಸ್ ಅದು, ಅದರಲ್ಲಿ ಯುಗೋಸ್ಲಾವಿಯಾ ಇನ್ನೂ ಸುಖವಾಗಿ ಬಾಳುತ್ತಿದೆ. ಮೇಷ್ಟ್ರು ರೋಮ್, ಅಥೆನ್ಸ್‌ಗಳ ಮೇಲೆ ಬೆರಳಿಟ್ಟು, ನಾಗರಿಕತೆಯ ತೊಟ್ಟಿಲನ್ನು ಕಂಡ ಮೇಲೆಯೇ ಮಗುವಿನ ತೊಟ್ಟಿಲನ್ನು ಕಟ್ಟಬೇಕು ಎಂದರು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದ ಶಾಂತಕ್ಕ ಇದನ್ನು ತಕ್ಷಣವೇ ತಳ್ಳಿಹಾಕಿದರು. "2023ರ ಜುಲೈನಲ್ಲಿ ಬಿಸಿಲು ತಡೆಯಲಾರದೆ ಅಥೆನ್ಸ್‌ನ ಅಕ್ರೋಪೊಲಿಸ್ ಗುಡ್ಡವನ್ನೇ ನಡುಮಧ್ಯಾಹ್ನ ಮುಚ್ಚಿದ್ದರು ಮೇಷ್ಟ್ರೇ. 2021ರ ಆಗಸ್ಟ್‌ನಲ್ಲಿ ಇಟಲಿಯ ಸಿಸಿಲಿಯಲ್ಲಿ 48.8 ಡಿಗ್ರಿ ದಾಖಲಾಗಿತ್ತು. ದಾವಣಗೆರೆಯ ಬಿಸಿಲಿಗೆ ಹೆದರಿ ಓಡಿಹೋಗುವ ಬಸುರಿಯನ್ನು ಅಲ್ಲಿಗೆ ಕಳಿಸುತ್ತೀರಾ?" ಎಂದು ಕೇಳಿದಾಗ ಮೇಷ್ಟ್ರು ಬೆರಳನ್ನು ಮೆಲ್ಲಗೆ ಸ್ವಿಟ್ಜರ್ಲೆಂಡ್‌ಗೆ ಸರಿಸಿದರು. ಅಲ್ಲಿ ಯುಂಗ್‌ಫ್ರೌಯೋಖ್ ಎಂಬಲ್ಲಿಗೆ 1912ರಿಂದಲೂ ರೈಲು ಹತ್ತುತ್ತದೆ, 3,454 ಮೀಟರ್ ಎತ್ತರ ಎಂದು ಅವರು ಹೇಳಿ ಮುಗಿಸುವುದರೊಳಗೆ, ನಮ್ಮ ಮುಳ್ಳಯ್ಯನಗಿರಿಯೇ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ, ಎರಡೂವರೆ ಸಾವಿರದಾಚೆಯ ಗಾಳಿ ಬಸುರಿಯರಿಗೆ ಒಗ್ಗುವುದು ಕಷ್ಟ ಎಂದು ಶಾಂತಕ್ಕ ಆ ರೈಲನ್ನೂ ಕೆಳಗಿಳಿಸಿದರು.

ಪ್ಯಾರಿಸ್ ಎಂದವನು ವಿಮೆಯ ಏಜೆಂಟ್ ರುದ್ರಣ್ಣ. ಬೆಣ್ಣೆಯೂರಿನ ಸೊಸೆಗೆ ಚೀಸಿನೂರು ಸರಿಯಾದ ಜೋಡಿಯೆಂಬುದು ಅವನ ತರ್ಕ. ಬ್ರೀ, ಕ್ಯಾಮೆಂಬೇರ್‌ನಂತಹ ಮೆತ್ತನೆಯ ಚೀಸ್‌ಗಳಲ್ಲಿ, ಅದರಲ್ಲೂ ಕಾಯಿಸದ ಹಸಿ ಹಾಲಿನಿಂದ ಮಾಡಿದವುಗಳಲ್ಲಿ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇರುವ ಅಪಾಯವಿದೆಯೆಂದೂ, ತಾಯಿಗೆ ಅದು ಸಣ್ಣ ಜ್ವರದಂತೆ ಕಂಡರೂ ಗರ್ಭಪಾತಕ್ಕೆ ಕಾರಣವಾಗಬಲ್ಲದೆಂದೂ, ಕಾಯಿಸಿದ ಹಾಲಿನ ಗಟ್ಟಿ ಚೀಸ್ ತಿನ್ನಲು ಅಡ್ಡಿಯಿಲ್ಲವೆಂದೂ ಶಾಂತಕ್ಕ ವಿವರಿಸಿದರು. ಎಷ್ಟೋ ಚೀಸ್‌ಗಳನ್ನು ಕರುವಿನ ಜಠರದ ಕಿಣ್ವ ಹಾಕಿ ಹೆಪ್ಪುಗಟ್ಟಿಸುತ್ತಾರೆಂಬ ವಿಷಯವನ್ನು ನಾನು ಸೇರಿಸಿದೆ. ಅತ್ತೆಯವರು ಕೆಳಗೆ ಅಡುಗೆಮನೆಯಲ್ಲಿದ್ದುದರಿಂದ ದನಿ ತಗ್ಗಿಸಿಯೇ ಹೇಳಿದೆ. ಪೋರ್ಚುಗಲ್‌ನಲ್ಲಿ ಗರ್ಭಿಣಿಯರಿಗೆ ಸರತಿಯಲ್ಲಿ ಮೊದಲ ಆದ್ಯತೆ ಕೊಡಲೇಬೇಕೆಂದು 2016ರಲ್ಲಿ ಕಾನೂನನ್ನೇ ಮಾಡಿದ್ದಾರೆ ಎಂದು ಲಿಸ್ಬನ್ ನಗರವನ್ನು ಸೂಚಿಸಿದವಳೂ ನಾನೇ. ಆದರೆ ಅದು ಏಳು ಗುಡ್ಡಗಳ ಊರು. ಕಾನೂನು ಸರತಿಯನ್ನು ಕರಗಿಸೀತು, ಗುಡ್ಡವನ್ನು ಕರಗಿಸಲಾರದು.

ಇಷ್ಟಾದರೂ ಪ್ರಕಾಶ ಒಂದು ಮಾತನ್ನೂ ವಿರೋಧಿಸದೆ ಮುಗುಳ್ನಗುತ್ತಿದ್ದುದು ನನಗೆ ವಿಚಿತ್ರವೆನಿಸಿತು. ಎಲ್ಲರ ಊರುಗಳೂ ಬಿದ್ದುಹೋದ ಮೇಲೆ ಅವನು ಗಂಟಲು ಸರಿಪಡಿಸಿಕೊಂಡು, "ಹಾಗಾದರೆ ಉತ್ತರ ಸ್ಪೇನಿನ ಬುರ್ಗೋಸ್‌ಗೆ ಹೋಗಬಹುದೇನೋ. ಆಗಸ್ಟ್ 12ರ ಸುಮಾರಿಗೆ" ಎಂದ. ಅಷ್ಟು ಕರಾರುವಾಕ್ಕಾದ ತಾರೀಖು ಏಕೆಂದು ಯಾರೂ ಕೇಳಬಾರದಿತ್ತು, ಆದರೆ ಭೂಗೋಳದ ಮೇಷ್ಟ್ರಿಗೆ ಖಗೋಳದ ಹುಚ್ಚೂ ಇದೆ. "ಅಂದು ಅಲ್ಲಿ ಖಗ್ರಾಸ ಸೂರ್ಯಗ್ರಹಣವಲ್ಲವೇ! ನೆರಳು ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ದಾಟಿ ಸ್ಪೇನಿನ ಮೇಲೆ ಹಾದು ಹೋಗುತ್ತದೆ" ಎಂದು ಅವರು ಸಂತೋಷ ತಾಳಲಾರದೆ ಕೂಗಿದ ಸಮಯಕ್ಕೆ ಸರಿಯಾಗಿ ಅತ್ತೆಯವರು ಕಾಫಿಯ ತಟ್ಟೆ ಹಿಡಿದು ಕೊನೆಯ ಮೆಟ್ಟಿಲು ಹತ್ತಿದರು.

ತಟ್ಟೆ ಬೀಳಲಿಲ್ಲ, ಅತ್ತೆಯವರು ಅಂಥವರಲ್ಲ. ಅದನ್ನು ಕಟ್ಟೆಯ ಮೇಲಿಟ್ಟು, ಸೆರಗು ಬಿಗಿದುಕೊಂಡು, "ಆ ಗ್ರಹಣ ನಮ್ಮೂರಿಗೆ ಕಾಣುತ್ತದೆಯೇ ಮೇಷ್ಟ್ರೇ?" ಎಂದು ಕೇಳಿದರು. ಭಾರತದಲ್ಲಿ ಎಲ್ಲಿಯೂ ಕಾಣುವುದಿಲ್ಲ ಎಂದು ಮೇಷ್ಟ್ರು ಒಪ್ಪಿಕೊಂಡರು. "ಬಸುರಿಯರು ಗ್ರಹಣ ಬಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರು. ನಮ್ಮ ಪಾಡಿಗೆ ನಮ್ಮನ್ನು ಬಿಟ್ಟು ದೂರ ಹೋಗುತ್ತಿರುವ ಗ್ರಹಣವನ್ನು ವೀಸಾ ಮಾಡಿಸಿಕೊಂಡು, ವಿಮಾನ ಹತ್ತಿ, ಬೆನ್ನಟ್ಟಿಕೊಂಡು ಹೋದ ಬಸುರಿಯನ್ನು ನಾನು ಕಂಡಿಲ್ಲ, ಕೇಳಿಲ್ಲ" ಎಂದು ಅವರು ಹೇಳಿದ ರೀತಿಗೆ ರುದ್ರಣ್ಣ ಕೂಡ ಮೆಣಸಿನಕಾಯಿಯನ್ನು ಕೆಳಗಿಟ್ಟ.

ಎಲ್ಲರ ಕಣ್ಣೂ ಶಾಂತಕ್ಕನ ಕಡೆ ತಿರುಗಿತು. ಗ್ರಹಣದಿಂದ ಹೊಟ್ಟೆಯ ಮಗುವಿಗೆ ಏನೂ ಆಗುವುದಿಲ್ಲವೆಂದೂ, ಸರಿಯಾದ ಕನ್ನಡಕವಿಲ್ಲದೆ ನೋಡಿದರೆ ಬಸುರಿಗೂ ಅವಳ ಗಂಡನಿಗೂ ಕಣ್ಣು ಒಂದೇ ಬಗೆಯಲ್ಲಿ ಹಾಳಾಗುತ್ತದೆಂದೂ ಅವರು ಸ್ಪಷ್ಟವಾಗಿ ಹೇಳಿದರು. ಪ್ರಕಾಶನ ಮುಖ ಅರಳುವಷ್ಟರಲ್ಲಿ ಶಾಂತಕ್ಕ ಬೆರಳು ಮಡಿಸಿ ವಾರಗಳನ್ನು ಎಣಿಸಲು ತೊಡಗಿದರು. "ಆಗಸ್ಟ್ 12ಕ್ಕೆ ಇವಳಿಗೆ ಇಪ್ಪತ್ತೆಂಟನೆಯ ವಾರ. ಅಲ್ಲಿಂದಾಚೆ ಬಹಳಷ್ಟು ವಿಮಾನ ಸಂಸ್ಥೆಗಳು ಡಾಕ್ಟರ ಪತ್ರ ಕೇಳುತ್ತವೆ. ಒಂದೇ ಮಗುವಾಗಿದ್ದು ತೊಂದರೆಯಿಲ್ಲದಿದ್ದರೆ ಸಾಮಾನ್ಯವಾಗಿ 36 ವಾರದವರೆಗೆ, ಅವಳಿಯಾದರೆ 32 ವಾರದವರೆಗೆ ಹತ್ತಿಸಿಕೊಳ್ಳುತ್ತಾರೆ ನಿಜ. ಆದರೆ ಹತ್ತಿಸಿಕೊಳ್ಳುತ್ತಾರೆಂದು ಹೋಗುವುದು ಬೇರೆ, ಸುಖವಾಗಿ ಹೋಗಿ ಬರುವುದು ಬೇರೆ. ವಾಂತಿ ನಿಂತು, ಹೊಟ್ಟೆ ಇನ್ನೂ ಭಾರವಾಗದ 14ರಿಂದ 27ನೆಯ ವಾರದ ನಡುವೆ ಹೋಗಬೇಕು. ಜೂನ್ ಮಧ್ಯಕ್ಕೆ ಇಪ್ಪತ್ತನೆಯ ವಾರ, ಅದೇ ಸರಿ. ಅದಕ್ಕೂ ಅವಳ ಡಾಕ್ಟರು ಹೂಂ ಅನ್ನಬೇಕು."

ಶಾಸ್ತ್ರವೂ ವಿಜ್ಞಾನವೂ ಒಂದೇ ಚಾಪೆಯ ಮೇಲೆ ಕುಳಿತು ಒಂದೇ ತಟ್ಟೆಯ ಮಂಡಕ್ಕಿ ತಿನ್ನುವುದನ್ನು ನಾನು ಕಂಡದ್ದು ಅಂದೇ. ಅತ್ತೆಯವರ ಕಾರಣವನ್ನು ನಾನು ಒಪ್ಪುವುದಿಲ್ಲ, ತೀರ್ಮಾನವನ್ನು ಒಪ್ಪುತ್ತೇನೆ. ಏಳನೆಯ ತಿಂಗಳಿಗೆ ದುರ್ಗದ ತವರಿನವರು ಕುಬಸಕ್ಕೆ ಬರುವಾಗ ಸೊಸೆ ಮನೆಯಲ್ಲಿರಬೇಕೆಂಬ ಲೆಕ್ಕವೂ ಅವರಿಗಿತ್ತು ಎಂಬುದನ್ನು ಮಾತ್ರ ನಾವು ಮರೆಯಬಾರದು.

ಆಗ ನನಗೆ ಹೊಳೆಯಿತು, ಒಂದೂವರೆ ಗಂಟೆಯಿಂದ ಅರ್ಧ ಯುರೋಪನ್ನು ಸುತ್ತಿದ ನಾವು, ಹೋಗಬೇಕಾದವಳನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಿದಾಗ ಸುಮಾ ಮಂಡಕ್ಕಿಯ ಬಟ್ಟಲನ್ನು ಬದಿಗಿಟ್ಟು ಹೇಳಿದಳು: "ನಾನು ಏಳು ಸುತ್ತಿನ ಕೋಟೆಯ ಊರಿನಲ್ಲಿ ಹುಟ್ಟಿದವಳು. ಕಲ್ಲು, ಮೆಟ್ಟಿಲು, ಇತಿಹಾಸ ಎಲ್ಲವೂ ನನಗೆ ಸಾಕಷ್ಟು ಆಗಿವೆ. ನನಗೆ ತಂಪಾದ ಗಾಳಿ, ಸಮತಟ್ಟಾದ ದಾರಿ, ಕೂರಲು ಒಂದು ಬೆಂಚು, ಇಪ್ಪತ್ತು ನಿಮಿಷಕ್ಕೊಂದು ಶೌಚಾಲಯ ಬೇಕು. ನೋಡುವುದಕ್ಕೆ ನೀರು ಇದ್ದರೆ ಸಾಕು." ಯುರೋಪಿನ ಅನೇಕ ಕಡೆ ಶೌಚಾಲಯಕ್ಕೂ ಚಿಲ್ಲರೆ ನಾಣ್ಯ ಹಾಕಬೇಕೆಂದು ರುದ್ರಣ್ಣ ನೆನಪಿಸಿದ. ಚೀಟಿಯ ಹಣದಲ್ಲಿ ಅದಕ್ಕೆಂದೇ ಒಂದು ಪಾಲನ್ನು ತೆಗೆದಿಡಬೇಕೆಂದು ಸುಮಾ ಗಂಡನಿಗೆ ಆದೇಶಿಸಿದಳು.

ಹೀಗೆ ಮಾತು ಸ್ಲೊವೇನಿಯಾದ ಬ್ಲೆಡ್ ಸರೋವರಕ್ಕೆ ಬಂದು ನಿಂತಿತು. ಮೇಷ್ಟ್ರು ಅಟ್ಲಾಸನ್ನು ಎಷ್ಟು ತಿರುವಿದರೂ ಅಂಥ ದೇಶ ಸಿಗಲಿಲ್ಲ. ಅದು ಯುಗೋಸ್ಲಾವಿಯಾದಿಂದ ಹೊರಬಂದು ಸ್ವತಂತ್ರವಾದದ್ದು 1991ರ ಜೂನ್ 25ರಂದು. ರಾಜಧಾನಿ ಲ್ಯುಬ್ಲಿಯಾನಾದ ಹಳೆಯ ಪೇಟೆಯೊಳಗೆ ಕಾರುಗಳಿಗೆ ಪ್ರವೇಶವಿಲ್ಲ, ನಡೆಯಲಾರದವರನ್ನು ಪುಕ್ಕಟೆಯಾಗಿ ಕೂರಿಸಿಕೊಂಡು ಹೋಗುವ ಸಣ್ಣ ವಿದ್ಯುತ್ ಗಾಡಿಗಳಿವೆ, ಜೂನ್‌ನಲ್ಲಿ ಹಗಲಿನ ಬಿಸಿಲು ಇಪ್ಪತ್ತೈದು ಡಿಗ್ರಿಯ ಆಸುಪಾಸು. ಅಲ್ಲಿಂದ ಬ್ಲೆಡ್‌ಗೆ 55 ಕಿಲೋಮೀಟರ್, ಅಂದರೆ ಸುಮಾ ತವರಿಗೆ ಹೋದಷ್ಟೂ ದೂರವಿಲ್ಲ. ಸರೋವರದ ಸುತ್ತ ಆರು ಕಿಲೋಮೀಟರ್ ಸಮತಟ್ಟಾದ ಕಾಲುದಾರಿ. "ನಮ್ಮ ಶಾಂತಿಸಾಗರದ ಮುಂದೆ ಅದೊಂದು ಕಲ್ಯಾಣಿ" ಎಂದು ಮೇಷ್ಟ್ರು ಸೋತ ಸಿಟ್ಟನ್ನು ತೀರಿಸಿಕೊಂಡರು. ಸರೋವರದ ನಡುವಿನ ದ್ವೀಪದಲ್ಲಿ ಒಂದು ಚರ್ಚ್ ಇದ್ದು, ಅದರ 99 ಮೆಟ್ಟಿಲುಗಳನ್ನು ಮದುಮಗನು ಮದುಮಗಳನ್ನು ಹೊತ್ತುಕೊಂಡು ಹತ್ತುವ ಸಂಪ್ರದಾಯವಿದೆಯೆಂದು ನಾನು ಹೇಳಿದಾಗ, ಈಗ ಇಬ್ಬರನ್ನು ಹೊರಬೇಕಾಗುತ್ತದೆಂಬ ಲೆಕ್ಕ ಪ್ರಕಾಶನ ಮುಖದ ಮೇಲೆ ಕಾಣಿಸಿತು. ದೋಣಿಯಲ್ಲಿ ಕುಳಿತು ಕೆಳಗಿನಿಂದ ಕೈಮುಗಿದರೆ ಸಾಕೆಂದು ಸುಮಾ ಅವನ ಸೊಂಟವನ್ನು ಉಳಿಸಿದಳು.

"ಒಂದೇ ಎಚ್ಚರಿಕೆ. ಅಲ್ಲಿಯ ಕಾಡು, ಹುಲ್ಲುಗಾವಲುಗಳಲ್ಲಿ ಉಣ್ಣೆಯ ಕಾಟವಿದೆ" ಎಂದರು ಶಾಂತಕ್ಕ. "ಚಳಿಯ ದೇಶವೆಂದ ಮೇಲೆ ಉಣ್ಣೆ ಬೇಡವೇ? ನಾನೇ ಎರಡು ಸ್ವೆಟರ್ ಹೆಣೆದು ಕೊಡುತ್ತೇನೆ" ಎಂದು ಅತ್ತೆಯವರು ಉತ್ಸಾಹದಿಂದ ನುಡಿದರು. ದನದ ಮೈಗೆ ಕಚ್ಚಿಕೊಳ್ಳುವ ಉಣ್ಣೆಯ ಮಾತಿದು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ನಮ್ಮ ಮಂಗನ ಕಾಯಿಲೆಯ ದಾಯಾದಿಯಾದ ಮಿದುಳಿನ ಜ್ವರವೊಂದನ್ನು ಅದು ಅಲ್ಲಿ ಹರಡುತ್ತದೆ, ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು ಎಂದು ತಿಳಿಹೇಳಿದ ಮೇಲೂ ಅವರು ಸ್ವೆಟರಿನ ಬಣ್ಣ ಯಾವುದಿರಲಿ ಎಂದೇ ಕೇಳಿದರು.

ಮುಂದಿನದು ರುದ್ರಣ್ಣನ ಕ್ಷೇತ್ರ. ಷೆಂಗೆನ್ ವೀಸಾ ಒಂದಿದ್ದರೆ 29 ದೇಶಗಳು ತೆರೆಯುತ್ತವೆ, ಶುಲ್ಕ ತಲೆಗೆ 90 ಯೂರೋ, ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು, 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. "ಆದರೆ ಸಾಮಾನ್ಯ ಪ್ರವಾಸ ವಿಮೆಗಳು ಬಸಿರಿಗೆ ಸಂಬಂಧಿಸಿದ ಖರ್ಚನ್ನು ಹೆಚ್ಚಾಗಿ ಹೊರಗಿಟ್ಟಿರುತ್ತವೆ. ಸಣ್ಣ ಅಕ್ಷರಗಳನ್ನು ಓದಿ, ಅದನ್ನು ಸೇರಿಸಿರುವ ಪಾಲಿಸಿಯನ್ನೇ ಕೊಳ್ಳಬೇಕು" ಎಂದು ಅವನು ಹೇಳಿದ. ಹದಿನೈದು ವರ್ಷಗಳಲ್ಲಿ ಅವನ ಬಾಯಿಂದ ಸಣ್ಣ ಅಕ್ಷರಗಳ ಪ್ರಸ್ತಾಪ ಬಂದದ್ದು ಅದೇ ಮೊದಲು. ವಿಮಾನದಲ್ಲಿ ಗಂಟೆಗಟ್ಟಲೆ ಕುಳಿತರೆ ಕಾಲಿನ ರಕ್ತ ಹೆಪ್ಪುಗಟ್ಟುವ ಭಯ ಬಸುರಿಯರಿಗೆ ಹೆಚ್ಚು, ಆದ್ದರಿಂದ ಓಡಾಡುವ ದಾರಿಯ ಪಕ್ಕದ ಸೀಟು, ಬಿಗಿಯಾದ ಕಾಲುಚೀಲ, ಹೊಟ್ಟೆಯ ಕೆಳಗೆ ಬೆಲ್ಟು, ಆಗಾಗ ನಾಲ್ಕು ಹೆಜ್ಜೆ ನಡಿಗೆ ಎಂದು ಶಾಂತಕ್ಕ ಒಂದು ಚೀಟಿಯಲ್ಲಿ ಬರೆದು ಸುಮಾಳ ಕೈಗಿತ್ತರು.

ಪ್ರಕಾಶ ಮಾತ್ರ ಮಂಕಾಗಿದ್ದ. ಅವನನ್ನು ಕಂಡು ಮರುಗಿದ ಮೇಷ್ಟ್ರು, ಬುರ್ಗೋಸ್‌ನಲ್ಲಿ ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮೊದಲು ಗ್ರಹಣ ಪೂರ್ಣವಾಗುತ್ತದೆ, ನಮ್ಮಲ್ಲಿ ಆಗ ಮಧ್ಯರಾತ್ರಿ ಹನ್ನೆರಡು ಗಂಟೆ, ಇದೇ ತಾರಸಿಯ ಮೇಲೆ ಕುಳಿತು ಮೊಬೈಲಿನಲ್ಲಿ ನೇರವಾಗಿ ನೋಡೋಣ ಎಂದು ಸಮಾಧಾನ ಹೇಳಿದರು. ರಾತ್ರಿ ಹನ್ನೆರಡಕ್ಕೆ ಸೂರ್ಯಗ್ರಹಣ ಎಂಬುದನ್ನು ಅರಗಿಸಿಕೊಳ್ಳಲು ಅತ್ತೆಯವರು ಸ್ವಲ್ಪ ಹೊತ್ತು ತೆಗೆದುಕೊಂಡರು. ಅನಂತರ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ, "ಮೊಬೈಲಿನಲ್ಲಿ ನೋಡಿದವರೂ ತಲೆಯ ಮೇಲೆ ನೀರು ಹಾಕಿಕೊಂಡೇ ಕೆಳಗೆ ಇಳಿಯಬೇಕು. ಅಷ್ಟು ಹೊತ್ತಿನಲ್ಲಿ ಬಿಸಿನೀರು ಕಾಯಿಸಿಕೊಡಲು ನನ್ನಿಂದಾಗದು" ಎಂದರು. ತಣ್ಣೀರಾದರೂ ಆದೀತು ಎಂದು ಪ್ರಕಾಶ ಒಪ್ಪಿಕೊಂಡ. ಮೇಷ್ಟ್ರು ತಮಗೆ ಶೀತದ ಮೈಯೆಂದು ಅಟ್ಲಾಸನ್ನು ಮಡಚಿದರು.