ಅಂಬಾಸಡರ್ ಮಾರ್ಕ್ 2 ಬಾಗಿಲ ಪ್ಯಾನಲ್: ಕ್ಲಿಪ್ಪಾ, ಸ್ಕ್ರೂನಾ?

ಹಳೇ_ಹಾರ್ನ್: ಹೊಸ ಹಾರ್ಡ್‌ಬೋರ್ಡ್, 3 ಮಿ.ಮೀ., ಮೇಲೆ ರೆಕ್ಸಿನ್. ಹಳೇ ಉಕ್ಕಿನ ಸ್ಪ್ರಿಂಗ್ ಕ್ಲಿಪ್ಪುಗಳು ತುಕ್ಕು ತಿಂದಿವೆ. ಬಾಗಿಲ ತಗಡಿನ ತೂತು 7.9 ಮಿ.ಮೀ. ನೈಲಾನ್ ಕ್ಲಿಪ್ ಹಾಕಲಾ, ಇಲ್ಲ 8 ನಂಬರ್ ಸ್ಕ್ರೂ, ಕಪ್ ವಾಷರ್?

ತಗಡು_ಮೇಷ್ಟ್ರು: 7.9 ಅಂದ್ರೆ 5/16 ಇಂಚು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಸಂತಾನ ತಾನೇ, ಅಳತೆ ಇಂಚಲ್ಲೇ. 8 ಮಿ.ಮೀ. ತೂತಿಗೆ ಅಂತ ಬರೋ ನೈಲಾನ್ ಕ್ಲಿಪ್ ಬಿಗಿಯಾಗಿ ಕೂರುತ್ತೆ. ಆದ್ರೆ ಕ್ಲಿಪ್ಪಿನ ಕುತ್ತಿಗೆ ಬೋರ್ಡಿನ ದಪ್ಪಕ್ಕೆ ಹೊಂದಬೇಕು. ಉದ್ದ ಆದ್ರೆ ಪ್ಯಾನಲ್ ಗಡಗಡ, ಗಿಡ್ಡ ಆದ್ರೆ ಬೋರ್ಡೇ ಸೀಳುತ್ತೆ. ಒಳಗಿನ ಪಾಲಿಥೀನ್ ಹಾಳೆ ಹರಿದಿದ್ರೆ ಮೊದಲು ಅದನ್ನ ಬದಲಿಸಿ. ಬೋರ್ಡ್ ನೀರು ಕುಡಿದ್ರೆ ಯಾವ ಕ್ಲಿಪ್ಪೂ ನಿಲ್ಲಲ್ಲ.

ಕೋಟೆ_ಗ್ಯಾರೇಜ್: "ಬಿಗಿಯಾಗಿ ಕೂರುತ್ತೆ"! ಕೂತಿದ್ದು ಎದ್ದು ಬರಬೇಕಲ್ಲ ಸ್ವಾಮಿ. ಕಿಟಕಿ ಗಾಜು ಏರಿಳಿಸೋ ರೆಗ್ಯುಲೇಟರ್ ಕೈಕೊಟ್ಟ ದಿನ ಪ್ಯಾನಲ್ ಬಿಚ್ಚೋಕೆ ಹೋದ್ರೆ ಒಣಗಿದ ನೈಲಾನ್ ಪಟಪಟ ಮುರಿದು ಬಾಗಿಲೊಳಗೆ ಬೀಳುತ್ತೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಅರ್ಧ ಇಂಚು ಉದ್ದದ್ದು. ಒಂದಿಂಚಿನದು ಹಾಕಿದ್ರೆ ಇಳಿಸಿದ ಗಾಜಿಗೆ ತಾಗೀತು, ಹುಷಾರು.

ಉಪ್ಪುಗಾಳಿ: ಸ್ಟೇನ್‌ಲೆಸ್ಸಾ? ಕರಾವಳಿಯ ಗಾಳಿಗೆ ಅದು ಪಕ್ಕದ ತಗಡನ್ನೇ ತಿಂದು ಹಾಕ್ತದೆ ಮಾರಾಯ್ರೆ. ಎರಡು ಲೋಹ, ನಡುವೆ ಉಪ್ಪುನೀರು, ಬ್ಯಾಟರಿಯೇ ಆಯ್ತು. ಸತು ಲೇಪದ ಉಕ್ಕಿನ ಸ್ಕ್ರೂ ಸಾಕು.

ಕೋಟೆ_ಗ್ಯಾರೇಜ್: "ತಿಂದು ಹಾಕ್ತದೆ" ಅಂತ ಅರ್ಧ ಪಾಠ ಒಪ್ಪಿಸಬೇಡಿ. ಆ ಬ್ಯಾಟರಿಯಲ್ಲಿ ಸ್ಕ್ರೂ ಚಿಕ್ಕ ಕ್ಯಾಥೋಡ್, ಅಂದ್ರೆ ಸವೆಯದ ಲೋಹ; ಬಾಗಿಲು ದೊಡ್ಡ ಆನೋಡ್, ಅಂದ್ರೆ ಸವೆಯೋ ಲೋಹ. ಸವೆತ ನಿಧಾನ. ಉಲ್ಟಾ ಇದ್ರೆ ಮಾತ್ರ ಅಪಾಯ.

ಉಪ್ಪುಗಾಳಿ: ದೊಡ್ಡ ಆನೋಡಾ! ಬಾಗಿಲಿಗೆ ಪೇಂಟ್ ಇಲ್ವಾ? ಬರಿ ಲೋಹ ಇರೋದು ತೂತಿನ ಅಂಚಲ್ಲಿ ಮಾತ್ರ. ಈಗ ಆನೋಡ್ ಎಷ್ಟು ದೊಡ್ಡದು ಹೇಳಿ ನೋಡುವ.

ಕೋಟೆ_ಗ್ಯಾರೇಜ್: ಅಂಚಿಗೆ ಝಿಂಕ್ ಪ್ರೈಮರ್ ಬಳಿಯೋದು ಯಾಕೆ ಮತ್ತೆ? ಅದೂ ಹೇಳಿಕೊಡಬೇಕಾ?

ತಗಡು_ಮೇಷ್ಟ್ರು: 304 ಮೆತ್ತನೆಯದು. ಸುಮಾರು 0.9 ಮಿ.ಮೀ. ತಗಡಿಗೆ 3 ಮಿ.ಮೀ. ಪೈಲಟ್ ತೂತು, ಅಂದ್ರೆ ಸ್ಕ್ರೂಗೆ ಮೊದಲೇ ಕೊರೆದ ತೂತು ಬೇಕು. ಅದಕ್ಕಿಂತ ಚಿಕ್ಕದಾದ್ರೆ ಸ್ಟೇನ್‌ಲೆಸ್ ಸ್ಕ್ರೂ ತಿರುಚಿ ತುಂಡಾಗುತ್ತೆ. ಮೊದಲು ಗಟ್ಟಿ ಉಕ್ಕಿನ ಸ್ಕ್ರೂ ಹೊಡೆದು ಥ್ರೆಡ್ ಮಾಡಿ, ತೆಗೆದು, ಆಮೇಲೆ ಇದನ್ನ ಹಾಕಬೇಕು.

ಬೋಲ್ಟು_ಬಸ್ಯಾ: ಅಂಗಡ್ಯಾಗ ಸ್ಟೇನ್‌ಲೆಸ್ ಅಂತ ಕೊಡೋದೆಲ್ಲ ಸ್ಟೇನ್‌ಲೆಸ್ ಅಲ್ರಿ. ಮ್ಯಾಗ್ನೆಟ್ ಹಿಡೀರಿ, ಅಂಟಿದ್ರ ಡೂಪ್ಲಿಕೇಟ್.

ತಗಡು_ಮೇಷ್ಟ್ರು: ತಪ್ಪು. ಬಿಸಿ ಮಾಡದೆ ಒತ್ತಿ ತಲೆ ಮೂಡಿಸಿದ 304 ಕೂಡ ಸ್ವಲ್ಪ ಅಂಟುತ್ತೆ. 410 ಅಂತೂ ಗಟ್ಟಿಯಾಗೇ ಅಂಟುತ್ತೆ, ಅದೂ ಸ್ಟೇನ್‌ಲೆಸ್ಸೇ.

ಬೋಲ್ಟು_ಬಸ್ಯಾ: "ಸ್ವಲ್ಪ" ಅಂದ್ರ ಎಷ್ಟ್ರಿ? ತೂಕಾ ಮಾಡಿ ಹೇಳ್ರಿ.

ಉಪ್ಪುಗಾಳಿ: 410ಕ್ಕೆ ಉಪ್ಪುಗಾಳಿಯಲ್ಲಿ ತುಕ್ಕು ಹಿಡೀತದೆ. ಅದನ್ನ ಯಾಕೆ ಬಿಟ್ರಿ ಮೇಷ್ಟ್ರೇ?

ತಗಡು_ಮೇಷ್ಟ್ರು: 410 ಹಾಕಿ ಅಂತ ಎಲ್ಲಿ ಬರೆದಿದ್ದೀನಿ? ಓದಿ ಜಗಳಕ್ಕೆ ಬನ್ನಿ.

ಹಳೇ_ಹಾರ್ನ್: ಒಂದ್ನಿಮಿಷ. ಪೈಲಟ್ 3 ಮಿ.ಮೀ. ಅಂದ್ರೆ ಬಾಗಿಲಿಗೆ ಹೊಸ ತೂತು ಕೊರೀಬೇಕಾ? ನಾನು ಕೊರೆಯಲ್ಲ. ಇರೋದು 7.9, 8 ನಂಬರ್ ಸ್ಕ್ರೂ 4.2. ಏನನ್ನ ಹಿಡಿಯುತ್ತೆ ಅದು?

ಬೋಲ್ಟು_ಬಸ್ಯಾ: ಆ ತೂತಿಗೆ ಹೊಂದೋ ನೈಲಾನ್ ಗ್ರಾಮೆಟ್, ಅಂದ್ರ ಸ್ಕ್ರೂ ಕಚ್ಚಿಕೊಳ್ಳೋ ಪ್ಲಾಸ್ಟಿಕ್ ಗೂಡು, ಒತ್ತಿ ಕೂರಿಸ್ರಿ, ಸ್ಕ್ರೂ ಅದರೊಳಗ. ಬಿಚ್ಚಾಕೂ ಸಲೀಸು, ತಗಡಿಗೆ ಲೋಹಾನೂ ತಾಗೂದಿಲ್ಲ.

ಕೋಟೆ_ಗ್ಯಾರೇಜ್: ಸ್ಕ್ರೂ ಅಂತ ಮೊದಲೇ ಹೇಳಿದ್ದು ನಾನು.

ತಗಡು_ಮೇಷ್ಟ್ರು: ನೈಲಾನ್ ಅಂದಿದ್ದು ಯಾರು?

ಉಪ್ಪುಗಾಳಿ: ತಗಡಿಗೆ ತಾಗೋದೇ ಇಲ್ಲ ಅಂದ್ಮೇಲೆ ಸ್ಟೇನ್‌ಲೆಸ್‌ಗೆ ದುಡ್ಡು ಯಾಕೆ ಸುರೀಬೇಕು? ಸತುವೇ ಸಾಕು ಅಂದೆ, ಸಾಕು.