ಶೀತವಿರುವಾಗ ಮಗುವಿಗೆ ಬೂಸ್ಟರ್ ಲಸಿಕೆ ಹಾಕಿಸಬಹುದೇ?

ಪ್ರಶ್ನೆ – ತೀರ್ಥಹಳ್ಳಿ ಕಡೆಯ ತಾಯಿ:
ನಮ್ಮ ಮಗನಿಗೆ ಈಗ 17 ತಿಂಗಳು. ಮಳೆ ಹಿಡಿದಾಗಿನಿಂದ ಶೀತ, ಕೆಮ್ಮು ಒಂದು ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೊಂದು ಶುರುವಾಗುತ್ತಿದೆ. ತಾಯಿ ಕಾರ್ಡಿನಲ್ಲಿ ದಡಾರ-ರುಬೆಲ್ಲಾ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್ ಬಾಕಿ ಇವೆ. ಆಶಾ ಕಾರ್ಯಕರ್ತೆ ಕರೆಯುತ್ತಲೇ ಇದ್ದಾರೆ. ಆದರೆ ಮೂಗು ಸೋರುವಾಗ ಚುಚ್ಚಿಸಿದರೆ ಕಫ ಎದೆಗಿಳಿಯುತ್ತದೆ ಎಂದು ಅತ್ತೆಯವರು ಬೇಡವೆನ್ನುತ್ತಾರೆ. ನ್ಯುಮೋನಿಯಾ ಲಸಿಕೆ ಮೂರು ಸಲ ಆಗಿದ್ದರೂ ಹೀಗೇಕೆ ಕೆಮ್ಮು ಬರುತ್ತದೆ?

ಉತ್ತರ – ಸಾಗರದ ನಿವೃತ್ತ ಆರೋಗ್ಯ ಸಹಾಯಕಿ:
ಸಾಮಾನ್ಯ ನೆಗಡಿ, ಕೆಮ್ಮು, ಸಣ್ಣ ಜ್ವರ ಲಸಿಕೆ ಮುಂದೂಡಲು ಕಾರಣವಲ್ಲ. ಮಗು ಆಡಿಕೊಂಡು, ಉಣ್ಣುತ್ತಾ ಇದ್ದರೆ ಕರೆದೊಯ್ಯಿರಿ. ಜೋರು ಜ್ವರದಿಂದ ಮಂಕಾಗಿ ಮಲಗಿದ್ದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸಿ. ಎರಡೂ ಲಸಿಕೆಗಳನ್ನು ಒಂದೇ ದಿನ ಬೇರೆ ಬೇರೆ ಜಾಗಕ್ಕೆ ಕೊಡುತ್ತಾರೆ, ತಡವಾಯಿತೆಂದು ಮೊದಲಿನಿಂದ ಆರಂಭಿಸಬೇಕಾಗಿಯೂ ಇಲ್ಲ.

6 ವಾರ, 14 ವಾರ ಮತ್ತು 9 ತಿಂಗಳಿಗೆ ಕೊಡುವ ಪಿಸಿವಿ, ಅಂದರೆ ನೀವು ಹೇಳಿದ ನ್ಯುಮೋನಿಯಾ ಲಸಿಕೆ, ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ತೀವ್ರ ಕಾಯಿಲೆಯನ್ನು ತಡೆಯುತ್ತದೆಯೇ ಹೊರತು, ವೈರಸ್‌ಗಳಿಂದ ಬರುವ ನೆಗಡಿಯನ್ನಲ್ಲ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತವಾಗುವುದು ಸಹಜ. ಅತ್ತೆಯವರಿಗೆ ದಯವಿಟ್ಟು ಇದನ್ನು ತಿಳಿಸಿ: ಮಕ್ಕಳಲ್ಲಿ ದಡಾರ ಬಂದು ನ್ಯುಮೋನಿಯಾಕ್ಕೆ ತಿರುಗುವುದುಂಟು, ಡಿಪಿಟಿ ತಡೆಯುವ ರೋಗಗಳಲ್ಲಿ ನಾಯಿಕೆಮ್ಮೂ ಒಂದು. ಅವರು ಕಾಪಾಡಬೇಕೆಂದಿರುವ ಎದೆಯನ್ನೇ ಬಾಕಿ ಉಳಿದಿರುವ ಈ ಡೋಸ್‌ಗಳು ಕಾಯುತ್ತವೆ.

ಉತ್ತರ – ಹೊಸನಗರದ ಓದುಗ:
ಮೇಲಿನ ಮಾತಿಗೆ ಸೇರಿಸುವುದಿಷ್ಟೇ. ಮಳೆಗಾಲದಲ್ಲಿ ನಮ್ಮ ಕಡೆ ಹಸಿ ಸೌದೆ ಉರಿಸುವ ಬಚ್ಚಲ ಒಲೆಯ ಪಕ್ಕ ಮಗುವನ್ನು ಬೆಚ್ಚಗಿರಲೆಂದು ಕೂರಿಸುತ್ತಾರೆ, ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆಯನ್ನೂ ಹಾಕುತ್ತಾರೆ. ಪ್ರೀತಿಯಿಂದಲೇ ಮಾಡುವ ಕೆಲಸವಾದರೂ ಹೊಗೆ ಶ್ವಾಸಕೋಶದ ಸೋಂಕಿನ ಅಪಾಯವನ್ನು ಹೆಚ್ಚಿಸುತ್ತದೆ. ಮನೆಯಲ್ಲಿ ಬೀಡಿ ಸೇದುವವರಿದ್ದರೆ ಅದೂ ಅಷ್ಟೇ.

ಪ್ರಶ್ನೆ ಕೇಳಿದ ತಾಯಿ:
ಇಬ್ಬರಿಗೂ ಧನ್ಯವಾದಗಳು. ಮುಂದಿನ ಲಸಿಕಾ ದಿನದಂದೇ ಹೋಗುತ್ತೇವೆ. ನಮ್ಮಲ್ಲಿಂದ ಆಸ್ಪತ್ರೆ ದೂರ. ಕೆಮ್ಮು ಯಾವ ಹಂತಕ್ಕೆ ಹೋದರೆ ಕಾಯದೆ ಹೊರಡಬೇಕು?

ಉತ್ತರ – ನಿವೃತ್ತ ಆರೋಗ್ಯ ಸಹಾಯಕಿ:
ಮಗು ಅಳದೆ ಶಾಂತವಾಗಿರುವಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 1ರಿಂದ 5 ವರ್ಷದವರಲ್ಲಿ ಅದು 40 ಅಥವಾ ಹೆಚ್ಚಿದ್ದರೆ ಅಂದೇ ಆಸ್ಪತ್ರೆಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ನೀರನ್ನೂ ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ, ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ.