ಗಿಟಾರಿನ ‘ಟೋನ್’ಗೆ ‘ಶಾರೀರ’ ಎನ್ನಬಹುದೇ? ಜೊತೆಗೆ ಇನ್ನೂ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಎಲೆಕ್ಟ್ರಿಕ್ ಗಿಟಾರ್ ಕಲಿಯುವ ಕನ್ನಡದ ಹುಡುಗ ಹುಡುಗಿಯರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. 1970ರ ದಶಕದ ರಾಕ್ ಹಾಡುಗಳ ಹೆಸರಾಂತ ಸೋಲೋಗಳು (ಗಿಟಾರ್ ಮುಂದಾಗಿ ನುಡಿಯುವ ಭಾಗಗಳು) ಹೇಗೆ ಕೇಳಿಸುತ್ತವೆಯೋ ಹಾಗೆಯೇ ಇಂದಿನ ಸಲಕರಣೆಗಳಿಂದ ಹೊರಡಿಸುವುದು ಹೇಗೆ ಎಂಬುದು ಅದರ ವಿಷಯ. ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಪೆಡಲ್ (ಆ ಸಂಕೇತವನ್ನು ಮಾರ್ಪಡಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ), ಆಂಪ್ಲಿಫೈಯರ್ (ಅದನ್ನು ಬಲಪಡಿಸುವ ಯಂತ್ರ) ಇವೆಲ್ಲ ಅಂಗಡಿಯಲ್ಲಿ ಕೇಳಿ ಕೊಳ್ಳುವ ವಸ್ತುಗಳು, ಅವುಗಳ ಹೆಸರು ಹಾಗೆಯೇ ಇರಲಿ. ತಂತಿ, ಮೀಟು, ಕುದುರೆ (ತಂತಿಗಳಿಗೆ ಆಧಾರವಾದ ಬ್ರಿಡ್ಜ್), ಮೆಟ್ಟಿಲು (ಫ್ರೆಟ್) ಎಂಬ ಪದಗಳನ್ನು ವೀಣೆಯವರಿಂದ ಪಡೆದಿದ್ದೇನೆ, ಅವು ಚೆನ್ನಾಗಿ ಹೊಂದಿಕೊಂಡಿವೆ. ಪೇಚಾಟವಾಗಿರುವುದು ಕಿವಿಗೆ ಬಿದ್ದದ್ದನ್ನು ಹೇಳುವ ಪದಗಳಲ್ಲಿ.

ಮೊದಲನೆಯದು ‘ಟೋನ್’. ಗಿಟಾರ್ ನುಡಿಸುವವರು ದಿನವಿಡೀ ಚರ್ಚಿಸುವುದು ಇದನ್ನೇ. ಒಂದೇ ಸ್ವರವನ್ನು ಇಬ್ಬರು ನುಡಿಸಿದಾಗ ಯಾರು ನುಡಿಸಿದ್ದು ಎಂದು ಗುರುತು ಹಿಡಿಯಲು ನೆರವಾಗುವ ಗುಣ ಅದು. ಸಹಜವಾಗಿ ಹೊಳೆಯುವ ಪದ ‘ನಾದ’. ಆದರೆ ನಮ್ಮ ಬಳಕೆಯಲ್ಲಿ ‘ಈ ವೀಣೆಗೆ ಒಳ್ಳೆಯ ನಾದವಿದೆ’ ಎಂದರೆ ಅದು ಹೊಗಳಿಕೆ. ಒರಟಾದದ್ದು, ಸೀಳಿದಂಥದ್ದು, ಮೂಗಿನಲ್ಲಿ ಹಾಡಿದಂಥದ್ದು ಎಲ್ಲವೂ ಟೋನ್‌ಗಳೇ ಆಗಿರುವಲ್ಲಿ ‘ನಾದ’ ತೀರಾ ಸಾತ್ವಿಕವಾಗುತ್ತದೆ. ‘ನಾದಗುಣ’ ಪಾಠಪುಸ್ತಕದ ಪದ, ಮಾತಿನಲ್ಲಿ ಓಡುವುದಿಲ್ಲ.

ನನ್ನ ಒಲವು ‘ಶಾರೀರ’ದ ಕಡೆಗೆ. ಹಾಡುಗಾರರ ಬಗ್ಗೆ ‘ಅವರ ಶಾರೀರ ಚೆನ್ನಾಗಿದೆ’, ‘ಶಾರೀರ ಕೈಕೊಟ್ಟಿತು’ ಎಂದು ಎರಡು ಬಗೆಯಲ್ಲಿಯೂ ಹೇಳುತ್ತೇವೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಈ ಪದಕ್ಕೆ ಕೊಡುವ ವಿವರಣೆ ನನ್ನನ್ನು ಹಿಡಿದು ನಿಲ್ಲಿಸಿತು. ಅಭ್ಯಾಸವಿಲ್ಲದಿದ್ದರೂ ರಾಗವನ್ನು ಪ್ರಕಟಪಡಿಸಬಲ್ಲ ಧ್ವನಿಯ ಶಕ್ತಿ ಶಾರೀರ, ಶರೀರದೊಡನೆಯೇ ಹುಟ್ಟುವುದರಿಂದ ಅದಕ್ಕೆ ಆ ಹೆಸರು ಎನ್ನುತ್ತಾನೆ. ಟೋನ್ ಇರುವುದು ಯಂತ್ರದಲ್ಲೋ ಬೆರಳಲ್ಲೋ ಎಂಬ ಗಿಟಾರಿನವರ ಹಳೆಯ ಜಗಳಕ್ಕೆ ಇದು ನೇರವಾಗಿ ತಾಗುತ್ತದೆ. ಬ್ಲ್ಯಾಕ್ ಸಬ್ಬಾತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಕಾರ್ಖಾನೆಯ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡವರು. ಅವರು ಎಡಗೈಯಲ್ಲಿ ಮೀಟುವವರಾದ್ದರಿಂದ ತಂತಿ ಒತ್ತಬೇಕಾದದ್ದು ಅದೇ ಬಲಗೈ. ಬೆರಳಿಗೆ ಪ್ಲಾಸ್ಟಿಕ್ ಟೊಪ್ಪಿಗೆ ತಾವೇ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಆ ಭಾರವಾದ ಟೋನ್ ಅಕ್ಷರಶಃ ಅವರ ಶರೀರದಿಂದ ಬಂದದ್ದು.

ಒಂದು ಆಕ್ಷೇಪ ನನಗೇ ಕಾಣುತ್ತದೆ. ‘ಶಾರೀರಿಕ’ ಎಂಬ ಪದದ ನೆರಳಿನಿಂದ ಹೊಸ ಓದುಗರು ಇದನ್ನು ಮೈಕಟ್ಟಿಗೆ ಸಂಬಂಧಿಸಿದ್ದೆಂದು ತಿಳಿಯಬಹುದು. ಗಿಟಾರಿನ ಮೇಲಿರುವ ‘ಟೋನ್’ ಗುಂಡಿಗೆ ಮಾತ್ರ ಟೋನ್ ಎಂದೇ ಬರೆದು, ಒಟ್ಟು ಪರಿಣಾಮಕ್ಕೆ ಶಾರೀರ ಎನ್ನುವುದು ಸದ್ಯದ ನನ್ನ ತೀರ್ಮಾನ.

ಎರಡನೆಯದು ಇನ್ನೂ ಕಷ್ಟದ್ದು: ‘ಡಿಸ್ಟಾರ್ಷನ್’, ಅಂದರೆ ಗಿಟಾರಿನ ದನಿಯನ್ನು ಬೇಕೆಂದೇ ಒರಟಾಗಿಸುವುದು. ನಿಘಂಟು ತೆರೆದರೆ ವಿರೂಪ, ವಿಕೃತಿ ಎಂದಿದೆ. ದೂರವಾಣಿ ಇಲಾಖೆಗೆ ಅದು ಸರಿ. ಆದರೆ ಬೇಕೆಂದೇ ದುಡಿದು ಸಂಪಾದಿಸಿದ ಒಂದು ಸೊಗಸನ್ನು ವಿಕೃತಿ ಎಂದು ಮಕ್ಕಳಿಗೆ ಕಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆಗುವುದೇನೆಂದರೆ, ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಸಂಕೇತದ ಅಲೆಯ ನೆತ್ತಿಯನ್ನು ಅದು ಎತ್ತಲಾರದು. ನೆತ್ತಿ ಚಪ್ಪಟೆಯಾಗುತ್ತದೆ, ಮೂಲ ಸಂಕೇತದಲ್ಲಿ ಇಲ್ಲದ ಉಪಸ್ವರಗಳು (ಮುಖ್ಯ ಸ್ವರದ ಮೇಲೆ ಸೇರಿ ಕೇಳಿಸುವ ಸ್ವರಗಳು) ಹುಟ್ಟುತ್ತವೆ. ತಂಬೂರಿಯಲ್ಲಿ ತಾನಾಗಿಯೇ ಕೇಳಿಸುವ ಸ್ವಯಂಭೂ ಗಾಂಧಾರವನ್ನು ಕೇಳಿ ಬಲ್ಲವರಿಗೆ ಉಪಸ್ವರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜವಾರಿ (ಕುದುರೆಯ ಮೇಲ್ಮೈ) ತಿದ್ದಿ, ದಾರ ಸರಿಸಿ ತಂಬೂರಿಯವರು ಹುಡುಕುವುದೂ ಆ ಸ್ವರಗಳ ಸಿರಿಯನ್ನೇ, ದಾರಿ ಮಾತ್ರ ಬೇರೆ. ನೆತ್ತಿ ಕತ್ತರಿಸಿದಾಗ ಜೋರು ಮತ್ತು ಮೆಲುವಿನ ಅಂತರವೂ ಕುಗ್ಗುವುದರಿಂದ ಮೀಟಿದ ಸ್ವರ ಬಹಳ ಹೊತ್ತು ಆರದೆ ನಿಲ್ಲುತ್ತದೆ. ಎರಡು ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವುಗಳ ನಡುವೆಯೂ ಹೊಸ ಸ್ವರಗಳು ಹುಟ್ಟಿ ಗೊಂದಲವಾಗುತ್ತದೆ. ಷಡ್ಜ ಪಂಚಮಗಳ ಜೋಡಿ ಸಾಕಷ್ಟು ಸ್ವಚ್ಛವಾಗಿ ಉಳಿಯುತ್ತದೆ, ರಾಕ್ ಸಂಗೀತದವರು ಆ ಜೋಡಿಯನ್ನು ಅಷ್ಟೊಂದು ನೆಚ್ಚಿಕೊಂಡಿರುವುದಕ್ಕೆ ಇದು ಕಾರಣ.

ನುಡಿಸುವವರು ಇದರಲ್ಲಿ ಮೂರು ಮಜಲು ಗುರುತಿಸುತ್ತಾರೆ: ಓವರ್‌ಡ್ರೈವ್, ಅದಕ್ಕಿಂತ ಒರಟಾದ (ಸೀಮಿತ ಅರ್ಥದ) ಡಿಸ್ಟಾರ್ಷನ್, ಎಲ್ಲಕ್ಕಿಂತ ತೀವ್ರವಾದ ಫಝ್. ಮೊದಲನೆಯದಕ್ಕೆ ‘ದನಿ ಒಡೆಯುವುದು’ ಎಂದು ಬರೆದಿದ್ದೇನೆ. ಹರೆಯದ ಹುಡುಗರ ಬಗ್ಗೆ ಬಳಸುವ ಮಾತೇ ಇಲ್ಲಿ ಸೊಗಸಾಗಿ ಕೂರುತ್ತದೆ: ಮೆಲ್ಲಗೆ ಮೀಟಿದರೆ ತಿಳಿ, ಬಲವಾಗಿ ಮೀಟಿದರೆ ಒಡಕು. ಕ್ವೀನ್ ತಂಡದ ಬ್ರಯಾನ್ ಮೇ ತಮ್ಮ ವಾಕ್ಸ್ ಎಸಿ-30 ಆಂಪ್ಲಿಫೈಯರನ್ನು ಪೂರ್ತಿ ಏರಿಸಿ, ಗಿಟಾರಿನ ವಾಲ್ಯೂಮ್ ಗುಂಡಿಯಿಂದಲೇ ದನಿ ಎಷ್ಟು ಒಡೆಯಬೇಕೆಂದು ನಿರ್ಧರಿಸುತ್ತಿದ್ದರು. ಎರಡನೆಯದಕ್ಕೆ ‘ಗೊಗ್ಗರು’. ಮೂರನೆಯದಕ್ಕೆ ‘ಮೊರೆತ’, ಏಕೆಂದರೆ ಕನ್ನಡದಲ್ಲಿ ದುಂಬಿಯೂ ಮೊರೆಯುತ್ತದೆ, ಕಡಲೂ ಮೊರೆಯುತ್ತದೆ, ಫಝ್ ಪೆಡಲ್‌ನಲ್ಲಿ ಈ ಎರಡೂ ಇವೆ. ಇವುಗಳಲ್ಲಿ ‘ಗೊಗ್ಗರು’ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಅದರಲ್ಲಿ ನೆಗಡಿ, ಮುಪ್ಪು, ಸಿಟ್ಟು ಎಲ್ಲವೂ ಸೇರಿಕೊಂಡಿವೆ.

ಮೂರನೆಯ ತೊಡಕು ‘ಸಸ್ಟೇನ್’, ಅಂದರೆ ಮೀಟಿದ ಸ್ವರ ಬೇಗ ಆರದೆ ಉಳಿಯುವ ಗುಣ. ‘ಸುಸ್ಥಿರತೆ’ ಅಭಿವೃದ್ಧಿಯ ವರದಿಗಳ ಸೊತ್ತಾಗಿದೆ. ‘ಕಾರ್ವೆ’ ಕಾಲದ ಅಳತೆ, ಗುಣವನ್ನು ಹೇಳುವುದಿಲ್ಲ. ‘ಅನುರಣನ’ ಬಲು ಸುಂದರ ಪದ, ಆದರೆ ಗಂಟೆ ಬಾರಿಸಿದ ಮೇಲೆ ಕ್ರಮೇಣ ಆರುವ ಸದ್ದು ಅದು. 1976ರ ‘ಯುರೋಪಾ’ ಎಂಬ ಕೃತಿಯಲ್ಲಿ ಗಿಟಾರ್ ವಾದಕ ಕಾರ್ಲೊಸ್ ಸಂಟಾನಾ ಹಿಡಿದು ನಿಲ್ಲಿಸುವ ಸ್ವರ ಆರುವುದೇ ಇಲ್ಲ. ಸ್ಪೀಕರಿನ ಸದ್ದು ತಂತಿಯನ್ನು ಮತ್ತೆ ಅಲುಗಿಸುತ್ತದೆ, ತಂತಿ ಸ್ಪೀಕರಿಗೆ ಮತ್ತೆ ಸದ್ದು ಕೊಡುತ್ತದೆ. ಸಭೆಯಲ್ಲಿ ಮೈಕು ಕೂಗಿಕೊಳ್ಳುವುದೂ ಇದೇ ಕಾರಣಕ್ಕೆ. ‘ಸ್ವರ ನಿಲ್ಲುತ್ತದೆ’ ಎಂದರೆ ಮುಂದುವರಿಯುತ್ತದೆ ಎಂದೂ ಆಗುತ್ತದೆ, ಕೊನೆಗೊಳ್ಳುತ್ತದೆ ಎಂದೂ ಆಗುತ್ತದೆ. ಕೈಪಿಡಿಯಲ್ಲಿ ಈ ಗೊಂದಲ ಸಲ್ಲದು. ಇಲ್ಲಿ ನನ್ನ ಬಳಿ ಪದವೇ ಇಲ್ಲ.

ಇನ್ನು ಬಣ್ಣದ ಮಾತು. ತಮ್ಮ ತಂಡದ 1978ರ ಮೊದಲ ಆಲ್ಬಮ್ಮಿನಲ್ಲಿ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಮಾರ್ಷಲ್ ಆಂಪ್ಲಿಫೈಯರಿಗೆ ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಸಾಧನ) ಜೋಡಿಸಿ, ವಿದ್ಯುತ್ತಿನ ವೋಲ್ಟೇಜ್ ಇಳಿಸಿ ಪಡೆದದ್ದಕ್ಕೆ ‘ಬ್ರೌನ್ ಸೌಂಡ್’ ಎಂಬ ಹೆಸರು ನಿಂತಿದೆ. ‘ಕಂದು ದನಿ’ ಎಂದರೆ ನಮ್ಮ ಓದುಗರಿಗೆ ಏನೂ ಕೇಳಿಸದು. ಕನ್ನಡ ದನಿಯನ್ನು ಬಣ್ಣದಿಂದ ಅಳೆಯುವುದು ಕಡಿಮೆ. ನಮ್ಮದು ಕಂಚಿನ ಕಂಠ, ಜೇನಿನ ದನಿ, ಕೀರಲು, ಗಡಸು. ಶಾರ್ಙ್ಗದೇವನೂ ಖಾಹುಲ, ನಾರಾಟ, ಬೊಂಬಕ, ಮಿಶ್ರಕ ಎಂದು ಧ್ವನಿಗಳಿಗೆ ಜಾತಿ ಹೇಳಿದ, ಬಣ್ಣ ಬಳಿಯಲಿಲ್ಲ. ಹಾಗಾಗಿ ವ್ಯಾನ್ ಹೇಲನ್ನರದು ‘ಕಾವೇರಿದ ಕಂಚು’ ಎಂದು ಬರೆದಿದ್ದೇನೆ. ಅತಿಯಾಯಿತೆನ್ನಿಸಿದರೆ ತಿಳಿಸಿ.

ಇವೆಲ್ಲ ಸಾಲಿನೊಳಗೆ ಹೇಗೆ ಕೂರುತ್ತವೆ ಎಂಬುದಕ್ಕೆ ಕೈಪಿಡಿಯ ಒಂದು ತುಣುಕು. ಪಿಂಕ್ ಫ್ಲಾಯ್ಡ್‌ನ 1979ರ ‘ಕಂಫರ್ಟಬ್ಲಿ ನಂಬ್’ ಹಾಡಿನ ಕೊನೆಯ ಸೋಲೋ ಕುರಿತದ್ದು:

‘ಡೇವಿಡ್ ಗಿಲ್ಮೋರ್ ಅವರ ಹೈವಾಟ್ ಆಂಪ್ಲಿಫೈಯರ್ ಎಷ್ಟು ಏರಿಸಿದರೂ ಸುಲಭವಾಗಿ ದನಿ ಒಡೆಯುವಂಥದ್ದಲ್ಲ. ಮೊರೆತ ಬಂದದ್ದು ಬಿಗ್ ಮಫ್ ಪೆಡಲ್‌ನಿಂದ. ಆದ್ದರಿಂದ ಮೊದಲು ಆಂಪ್ಲಿಫೈಯರನ್ನು ತಿಳಿಯಾಗಿ ಇರಿಸಿ, ಮೊರೆತವನ್ನು ಪೆಡಲ್ಲಿಗೆ ಬಿಡಿ. ಕುದುರೆಯ ಬಳಿಯ ಪಿಕಪ್ ಆರಿಸಿ. ತಂತಿಯನ್ನು ಅಡ್ಡ ಎಳೆದು ಮೇಲಿನ ಸ್ವರ ಮುಟ್ಟಿದ ಮೇಲೆ ಒಂದು ಕ್ಷಣ ಕಾಯಿರಿ, ಆಮೇಲೆ ಕಂಪನ ಕೊಡಿ. ಅವರು ಐದಾರು ಬಾರಿ ಬೇರೆ ಬೇರೆಯಾಗಿ ನುಡಿಸಿ, ಒಳ್ಳೆಯ ತುಣುಕುಗಳನ್ನು ಆಯ್ದು ಜೋಡಿಸಿದರು. ಒಂದೇ ಉಸಿರಿಗೆ ಬರಲಿಲ್ಲವೆಂದು ಎದೆಗುಂದಬೇಡಿ.’

‘ಕಂಪನ’ವನ್ನು ವೈಬ್ರಾಟೊಗೆ, ಅಂದರೆ ಹಿಡಿದ ಸ್ವರವನ್ನು ಮೆಲ್ಲಗೆ ಮೇಲೆ ಕೆಳಗೆ ಅಲುಗಿಸುವುದಕ್ಕೆ, ಬಳಸಿದ್ದೇನೆ. ‘ಕಂಪಿತ’ ಎಂದರೆ ಗಮಕ ಬಲ್ಲವರು ನಿರ್ದಿಷ್ಟ ಗಮಕವೊಂದನ್ನು ನಿರೀಕ್ಷಿಸುತ್ತಾರೆ, ಆದ್ದರಿಂದ ಬಿಟ್ಟೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ಶಾರೀರವನ್ನು ವಾದ್ಯಕ್ಕೆ ಹಚ್ಚಿ ಮಾತನಾಡುವುದನ್ನು ಯಾರಾದರೂ ಕೇಳಿದ್ದೀರಾ? ಯಕ್ಷಗಾನದ ಭಾಗವತಿಕೆ ಬಲ್ಲವರು, ಒರಟಾಗಿದ್ದರೂ ಜನ ಮೆಚ್ಚುವ ಕಂಠಕ್ಕೆ ಏನೆನ್ನುತ್ತೀರಿ? ಧಾರವಾಡ, ಮಿರಜಿನ ಕಡೆ ತಂಬೂರಿ, ಸಿತಾರು ರಿಪೇರಿ ಮಾಡುವವರ ಬಳಿ, ಸ್ವರ ಬೇಗ ಆರದಂತೆ ಇರುವ ಗುಣಕ್ಕೆ ಕನ್ನಡದ ಮಾತೊಂದು ಇದ್ದೇ ಇರಬೇಕು. ತಿಳಿದವರು ಆ ಪದವನ್ನು ಅವರು ಉಚ್ಚರಿಸುವ ರೂಪದಲ್ಲಿಯೇ, ಬಳಸುವ ಒಂದು ವಾಕ್ಯದ ಸಮೇತ ಬರೆದು ಕಳುಹಿಸಿ.